ನಕ್ಷೆಯ ಫೈಲು ಯಾರದು? – ಕಟ್ಟಡ ವಿನ್ಯಾಸ ತಂತ್ರಾಂಶಗಳ ನಲವತ್ತು ವರ್ಷದ ಜಗಳ

ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ನಮ್ಮ ಗೋಕಾಕದ ಕಡೆ ಸಿವಿಲ್ ಓದಿದ ಗೆಳೆಯರು ನಾಲ್ಕು ಜನ ಸೇರಿದರೆ ಒಂದು ಜಗಳ ತಪ್ಪಿದ್ದಲ್ಲ. ಒಬ್ಬ ‘ಆಟೋಕ್ಯಾಡ್ ಮುಂದ ಯಾವುದೂ ಇಲ್ಲ’ ಅಂತಾನೆ. ಇನ್ನೊಬ್ಬ ‘ನೀವಿನ್ನೂ ಗೆರಿ ಹೊಡ್ಕೊಂತ ಕೂತೀರಿ, ರೆವಿಟ್ ಕಲೀರಿ’ ಅಂತಾನೆ. ಪುಣೆಯಲ್ಲಿ ಕೆಲಸ ಮಾಡಿ ಬಂದವನು ಆರ್ಕಿಕ್ಯಾಡ್ ಹೊಗಳುತ್ತಾನೆ. ಮೂಡಲಗಿಯ ಗೆಳೆಯನಿಗೆ ಸ್ಕೆಚ್‌ಅಪ್ ಸಾಕು. ನಾನು ಕಂಪ್ಯೂಟರ್ ಸೈನ್ಸ್‌ನವನು, ನಡುವೆ ಕೂತು ಕರದಂಟು ತಿನ್ನುತ್ತಾ ಕೇಳುವವನು :-)

ಹೀಗೆ ಕೇಳಿ ಕೇಳಿ ಈ ತಂತ್ರಾಂಶಗಳ ಇತಿಹಾಸ ಓದಲು ಶುರು ಮಾಡಿದೆ. ಓದಿದ ಮೇಲೆ ನನಗೆ ಹೊಳೆದದ್ದು ಇಷ್ಟು: ‘ಯಾವುದರಲ್ಲಿ ಹೊಸ ಸೌಲಭ್ಯ ಹೆಚ್ಚು’ ಅನ್ನುವುದು ಈ ಜಗಳದ ಮೇಲಿನ ಪದರ ಮಾತ್ರ. ಕೆಳಗಿರುವ ನಿಜವಾದ ಜಗಳ ಫೈಲಿನದು. ಬರೆದಿಟ್ಟ ನಕ್ಷೆಯನ್ನು ಇಪ್ಪತ್ತು ವರ್ಷ ಬಿಟ್ಟು ಯಾರು ತೆರೆಯಬಲ್ಲರು, ಯಾರ ಅಪ್ಪಣೆ ಬೇಕು? ಯುನಿಕೋಡಿನಲ್ಲಿ ಬರೆಯುವ ನಮ್ಮಂಥ ಬ್ಲಾಗಿಗರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಂಪ್ಯೂಟರಿಗೆ ಮೊದಲು

ನಮ್ಮ ಭಾಗದಲ್ಲಿ ದೊಡ್ಡ ಕಟ್ಟಡ ಕೆಲಸಗಳಿಗೆ ಕೊರತೆ ಇರಲಿಲ್ಲ. 52 ಮೀಟರ್ ಎತ್ತರದಿಂದ ಬೀಳುವ ಗೋಕಾಕ ಜಲಪಾತದ ಪಕ್ಕ 1885ರಲ್ಲಿ ಗಿರಣಿ ಕಂಪನಿ ಹುಟ್ಟಿತು. 1887ರ ಹೊತ್ತಿಗೆ ಘಟಪ್ರಭೆಯ ನೀರಿನ ಬಲ ಗಿರಣಿಯ ಕೆಲಸಕ್ಕೆ ಬಂತು. 1897ರಲ್ಲಿ ಧೂಪದಾಳದ ಒಡ್ಡು ಬಂತು. 1977ರಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ಮುಗಿಯಿತು. ಇದೆಲ್ಲ ಕಾಗದ, ಮಸಿ, ಅಳತೆಪಟ್ಟಿಯ ಮೇಲೆ ಆದದ್ದು. ಒಂದೇ ಒಂದು ಕಂಪ್ಯೂಟರ್ ಪರದೆ ಇಲ್ಲದೆ!

ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರ್, ಟ್ರೇಸಿಂಗ್ ಪೇಪರ್, ಮಸಿ ಪೆನ್ನು. ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಪ್ರತಿ ಬೇಕಾದರೆ ಅಮೋನಿಯಾ ಪ್ರಿಂಟ್. ಅದರ ವಾಸನೆ ಹಳೆಯ ಇಂಜಿನಿಯರುಗಳಿಗೆ ಇವತ್ತಿಗೂ ಮೂಗಿನಲ್ಲಿ ಇದೆಯಂತೆ. ಹಳ್ಳಿಯ ಮನೆಗಳಿಗೆ ಅದೂ ಇಲ್ಲ. ಗೌಂಡಿಯ ತಲೆಯಲ್ಲಿ ನಕ್ಷೆ, ನೆಲದ ಮೇಲೆ ಸುಣ್ಣದ ಗೆರೆ, ಅಷ್ಟೇ.

ಒಂದು ವಿಷಯ ಗಮನಿಸಿ. ಕಾಗದದ ನಕ್ಷೆಗೆ ಎಷ್ಟೇ ತೊಂದರೆ ಇದ್ದರೂ ಅದನ್ನು ನೋಡಲು ಯಾರ ಲೈಸೆನ್ಸೂ ಬೇಕಿರಲಿಲ್ಲ. ಗೆದ್ದಲು ಹಿಡಿಯದೆ, ನೀರಿಗೆ ಬೀಳದೆ ಉಳಿದಿದ್ದರೆ 1897ರ ಹಾಳೆಯನ್ನು ಇವತ್ತು ಬಿಚ್ಚಿ ಮೇಜಿನ ಮೇಲೆ ಹಾಸಬಹುದು.

1982: ಒಂದೇ ವರ್ಷ, ಎರಡು ದಾರಿ

ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನು ಮೊದಲು ಸರಿಯಾಗಿ ತೋರಿಸಿದವರು ಐವನ್ ಸದರ್‌ಲ್ಯಾಂಡ್. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅವರು ಮಾಡಿದ ‘ಸ್ಕೆಚ್‌ಪ್ಯಾಡ್’ನಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಬರೆಯಬಹುದಿತ್ತು. ಈ ಎರಡು ಗೆರೆ ಸಮಾನಾಂತರ ಇರಬೇಕು, ಇವೆರಡೂ ಸಮ ಉದ್ದ ಇರಬೇಕು ಅಂತ ನಿಬಂಧನೆಯನ್ನೂ ಹಾಕಬಹುದಿತ್ತು. ಇಲ್ಲಿ ಒಂದು ತಮಾಷೆ ಇದೆ. ಇದೇ ‘ನಿಬಂಧನೆ’ ಸೌಲಭ್ಯ ಆಟೋಕ್ಯಾಡ್‌ಗೆ ಬಂದದ್ದು 2009ರಲ್ಲಿ, ಆಟೋಕ್ಯಾಡ್ 2010 ಆವೃತ್ತಿಯಲ್ಲಿ. ಜಾಹೀರಾತಿನಲ್ಲಿ ‘ಹೊಸದು’ ಅಂತಲೇ ಇತ್ತು. ನಲವತ್ತಾರು ವರ್ಷ ಹಳೆಯ ಹೊಸದು!

1982ರಲ್ಲಿ ಎರಡು ಕಂಪನಿ ಹುಟ್ಟಿದವು. ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಾಕರ್ ಮತ್ತು ಗೆಳೆಯರು ಆಟೋಡೆಸ್ಕ್ ಕಟ್ಟಿದರು. ‘ಆಟೋಡೆಸ್ಕ್’ ಅನ್ನುವುದು ಅವರು ಮಾಡಬೇಕೆಂದಿದ್ದ ಒಂದು ಕಚೇರಿ ತಂತ್ರಾಂಶದ ಹೆಸರು, ನಕ್ಷೆಗೂ ಅದಕ್ಕೂ ಸಂಬಂಧ ಇಲ್ಲ. ಪಟ್ಟಿಯಲ್ಲಿದ್ದ ಹಲವು ಸರಕುಗಳಲ್ಲಿ ಆಟೋಕ್ಯಾಡ್ ಒಂದು. ಅದರ ಬೀಜ ಮೈಕ್ ರಿಡಲ್ ಬರೆದಿದ್ದ ‘ಇಂಟರಾಕ್ಟ್’ ಅನ್ನುವ ಪ್ರೋಗ್ರಾಮ್. ಆ ಕಾಲಕ್ಕೆ ನಕ್ಷೆ ಬರೆಯುವ ಕಂಪ್ಯೂಟರ್ ವ್ಯವಸ್ಥೆಗೆ ದೊಡ್ಡ ಕಾರ್ಖಾನೆಗಳು ಮಾತ್ರ ಕೈ ಹಾಕಬಹುದಾಗಿತ್ತು. ಆಟೋಕ್ಯಾಡ್ ಸಾವಿರ ಡಾಲರಿಗೆ ಮಾಮೂಲಿ ಮೈಕ್ರೋಕಂಪ್ಯೂಟರಿನಲ್ಲಿ ಓಡಿತು. 1982ರ ನವೆಂಬರಿನಲ್ಲಿ ಪ್ರದರ್ಶನ, ಡಿಸೆಂಬರಿನಲ್ಲಿ ಮಾರಾಟ.

ಅದೇ ವರ್ಷ ಹಂಗೇರಿಯ ಬುಡಾಪೆಸ್ಟಿನಲ್ಲಿ ಗಾಬೋರ್ ಬೊಯಾರ್ ಅನ್ನುವ ಭೂಭೌತ ವಿಜ್ಞಾನಿ ಗ್ರಾಫಿಸಾಫ್ಟ್ ಶುರು ಮಾಡಿದರು. ಆಗ ಅಲ್ಲಿ ಕಮ್ಯುನಿಸ್ಟ್ ಸರ್ಕಾರ, ಖಾಸಗಿ ಕಂಪನಿ ಅಂದರೆ ಅಪರೂಪದ ಮಾತು. ಹೆಂಡತಿಯ ಒಡವೆ ಒತ್ತೆ ಇಟ್ಟು ಬಂಡವಾಳ ಹೊಂದಿಸಿದರಂತೆ (ನಮ್ಮ ಕಡೆಯ ಕತೆ ಅನಿಸಲ್ವಾ?). ಪಾಕ್ಷ್ ಅಣು ವಿದ್ಯುತ್ ಸ್ಥಾವರದ ಕೊಳವೆಗಳ ಮೂರು ಆಯಾಮದ ಮಾದರಿ ಅವರ ಮೊದಮೊದಲ ಕೆಲಸ. 1984ರಲ್ಲಿ ಆಪಲ್ ಲೀಸಾ ಕಂಪ್ಯೂಟರಿಗೆ ‘ರಾಡಾರ್ ಸಿಎಚ್’ ತಂದರು. ಅದೇ ಮುಂದೆ ಆರ್ಕಿಕ್ಯಾಡ್ ಆಯಿತು.

ಎರಡರ ವಿಚಾರವೇ ಬೇರೆ. ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡನ್ನು ಕಂಪ್ಯೂಟರಿಗೆ ತಂದಿತು. ಅದಕ್ಕೆ ಗೋಡೆ ಅಂದರೆ ಎರಡು ಗೆರೆ. ಆರ್ಕಿಕ್ಯಾಡ್‌ಗೆ ಗೋಡೆ ಅಂದರೆ ಗೋಡೆಯೇ: ಇಷ್ಟು ದಪ್ಪ, ಇಷ್ಟು ಎತ್ತರ, ಇಲ್ಲಿ ಒಂದು ಕಿಟಕಿ. ಪ್ಲಾನು, ಸೆಕ್ಷನ್ನು, ಎಲಿವೇಶನ್ನು ಎಲ್ಲ ಆ ಒಂದೇ ಮಾದರಿಯಿಂದ ಹೊರಬರಬೇಕು ಅನ್ನುವ ಕನಸು. ಅವರು ಅದಕ್ಕೆ ‘ವರ್ಚುವಲ್ ಬಿಲ್ಡಿಂಗ್’ ಅಂದರು. ಇವತ್ತು ಎಲ್ಲರ ಬಾಯಲ್ಲಿರುವ ‘ಬಿಮ್’ ಅದೇ ಜಾತಿಯದು.

ಸೌಲಭ್ಯದ ಲೆಕ್ಕ ಹಾಕಿದರೆ 1980ರ ದಶಕದಲ್ಲೇ ಆರ್ಕಿಕ್ಯಾಡ್ ಗೆಲ್ಲಬೇಕಿತ್ತು. ಆದರೆ ಊರೂರಿಗೆ ಹರಡಿದ್ದು ಆಟೋಕ್ಯಾಡ್. ಒಂದನೇ ಕಾರಣ, ಅಗ್ಗದ ಕಂಪ್ಯೂಟರಿನಲ್ಲಿ ಓಡಿತು. ಎರಡನೇ ಕಾರಣ 1986ರಲ್ಲಿ ಬಂದ ಆಟೋಲಿಸ್ಪ್. ಬಳಸುವವರೇ ತಮಗೆ ಬೇಕಾದ ಸಣ್ಣ ಪ್ರೋಗ್ರಾಮ್ ಬರೆದುಕೊಳ್ಳಬಹುದು. ಬಾಗಿಲು ಕಿಟಕಿಗಳ ಪಟ್ಟಿ ಮಾಡುವುದಕ್ಕೋ, ಮೆಟ್ಟಿಲಿನ ಲೆಕ್ಕಕ್ಕೋ ಕಂಪನಿಯ ದಾರಿ ಕಾಯಬೇಕಿಲ್ಲ. ಮೂರನೆಯದು ನಮ್ಮ ದೇಶದಲ್ಲಿ ಯಾರೂ ಜೋರಾಗಿ ಹೇಳದ ಕಾರಣ: ಹತ್ತಾರು ರೂಪಾಯಿಗೆ ಸಿಗುತ್ತಿದ್ದ ಕಳ್ಳ ಸಿಡಿ. ಕಲಿಯುವವನು ಅದರಲ್ಲೇ ಕಲಿತ, ಕೆಲಸ ಕೊಡುವವನು ‘ಆಟೋಕ್ಯಾಡ್ ಬರುತ್ತಾ?’ ಅಂತಲೇ ಕೇಳಿದ. ಹೀಗೆ ಅದರ ಫೈಲ್ ವಿಧಾನವಾದ ಡಿಡಬ್ಲ್ಯೂಜಿ ಎಲ್ಲ ಕಡೆಯ ನಾಣ್ಯವಾಯಿತು.

ಗೌಂಡಿಯ ‘ಆಯ’ ಮತ್ತು ರೆವಿಟ್

ಮುಂದಿನ ದೊಡ್ಡ ಹೆಜ್ಜೆಯ ಹೆಸರು ‘ಪ್ಯಾರಾಮೆಟ್ರಿಕ್’. ಕೇಳಿದರೆ ಕಷ್ಟ ಅನಿಸುತ್ತದೆ, ಆದರೆ ಮನೆ ಕಟ್ಟಿಸಿದ ಎಲ್ಲರಿಗೂ ಇದು ಗೊತ್ತು.

ನಮ್ಮ ಕಡೆ ಮನೆ ಅಳತೆ ಗುರುತಿಸುವ ಮುಂಚೆ ‘ಆಯ’ ನೋಡುತ್ತಾರೆ. ಉದ್ದ ಅಗಲ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಬೇಕು. ಉಳಿದ ಶೇಷ 1 ಆದರೆ ಧ್ವಜಾಯ, 3 ಸಿಂಹಾಯ, 5 ವೃಷಭಾಯ, 7 ಗಜಾಯ. ಇವು ಒಳ್ಳೆಯವು. ಸಮಸಂಖ್ಯೆ ಉಳಿದರೆ ಬೇಡ. (ಗಣಿತದವರು ನಗಬಹುದು. ಪೂರ್ಣಸಂಖ್ಯೆಯನ್ನು 9ರಿಂದ ಗುಣಿಸಿ 8ರಿಂದ ಭಾಗಿಸಿದರೂ ಶೇಷ ಅದೇ, ಗುಣಿಸದೆ ಭಾಗಿಸಿದರೂ ಶೇಷ ಅದೇ. ಮಾಡಿ ನೋಡಿ!) ನಂಬಿಕೆಯ ಮಾತು ಪಕ್ಕಕ್ಕಿಡಿ. ಇಲ್ಲಿ ಒಂದು ನಿಯಮ ಇದೆ, ಅಳತೆ ಬದಲಾದರೆ ಉತ್ತರ ಬದಲಾಗುತ್ತದೆ, ಉತ್ತರ ಸರಿಬರಲು ಅಳತೆಯನ್ನು ಒಂದಿಷ್ಟು ಹಿಂದೆ ಮುಂದೆ ಮಾಡುತ್ತಾರೆ. ಪ್ಯಾರಾಮೆಟ್ರಿಕ್ ಅಂದರೆ ಇದೇ. ನಕ್ಷೆಯಲ್ಲಿ ಅಂಕಿಗಳ ನಡುವಿನ ಸಂಬಂಧವನ್ನೂ ಬರೆದಿಡುವುದು.

ಯಂತ್ರಭಾಗಗಳ ವಿನ್ಯಾಸಕ್ಕೆ ಇದನ್ನು ದೊಡ್ಡದಾಗಿ ತಂದವರು 1985ರಲ್ಲಿ ಪಿಟಿಸಿ ಕಂಪನಿ ಕಟ್ಟಿದ ಸ್ಯಾಮ್ಯುಯೆಲ್ ಗೈಸ್‌ಬರ್ಗ್. ಅಲ್ಲಿಂದ ಹೊರಬಂದ ಲಿಯೊನಿಡ್ ರೈಜ್ ಮತ್ತು ಇರ್ವಿನ್ ಯುಂಗ್ರೈಸ್ 1997ರಲ್ಲಿ ಇದನ್ನೇ ಕಟ್ಟಡಕ್ಕೆ ತರಲು ಕಂಪನಿ ಮಾಡಿದರು. 2000ದ ಏಪ್ರಿಲ್‌ನಲ್ಲಿ ರೆವಿಟ್ ಬಂತು. ‘ತಕ್ಷಣ ತಿದ್ದು’ ಅನ್ನುವ ಅರ್ಥದ ಇಂಗ್ಲಿಷ್ ಮಾತಿನಿಂದ ಮಾಡಿದ ಹೆಸರು. ಮಹಡಿಯ ಎತ್ತರ ಅರ್ಧ ಅಡಿ ಹೆಚ್ಚಿಸಿದರೆ ಗೋಡೆ, ಮೆಟ್ಟಿಲು, ಸೆಕ್ಷನ್ನು, ಸಾಮಾನಿನ ಪಟ್ಟಿ ಎಲ್ಲ ತಾನೇ ಬದಲಾಗುತ್ತದೆ. ಆಟೋಕ್ಯಾಡ್‌ನಲ್ಲಿ ಅದೇ ಬದಲಾವಣೆಗೆ ಪ್ರತಿ ಹಾಳೆಯನ್ನೂ ಕೈಯಿಂದ ತಿದ್ದಬೇಕು, ಒಂದು ಮರೆತರೆ ಸೈಟಿನಲ್ಲಿ ಗೌಂಡಿ ಕೇಳುತ್ತಾನೆ: ‘ಸಾಹೇಬ್ರ, ಇದರಾಗ ಒಂದ್ ಐತಿ, ಅದರಾಗ ಒಂದ್ ಐತಿ, ಯಾವುದ ಹಿಡೀಲಿ?’

ಆಟೋಡೆಸ್ಕ್ ಏನು ಮಾಡಿತು? 2002ರಲ್ಲಿ 133 ಮಿಲಿಯನ್ ಡಾಲರ್ ಕೊಟ್ಟು ರೆವಿಟ್ ಕಂಪನಿಯನ್ನೇ ಕೊಂಡಿತು. ಹಂಗೇರಿಯ ಗ್ರಾಫಿಸಾಫ್ಟ್ ಕೂಡ 2007ರ ಹೊತ್ತಿಗೆ ಜರ್ಮನಿಯ ನೆಮೆಚೆಕ್ ಗುಂಪಿನ ಪಾಲಾಯಿತು. ಸಣ್ಣ ಮೀನು ದೊಡ್ಡ ಮೀನಿನ ಕತೆ.

ಸ್ಕೆಚ್‌ಅಪ್‌ನದು ಬೇರೆ ದಾರಿ. 2000ದಲ್ಲಿ ಅಮೆರಿಕದ ಕೊಲೊರಾಡೋದ ಒಂದು ಸಣ್ಣ ಕಂಪನಿಯಿಂದ ಬಂತು. ಒಂದು ಚೌಕ ಬರೆದು ಇಲಿಯಿಂದ (ಮೌಸ್ ಸ್ವಾಮಿ!) ಮೇಲಕ್ಕೆ ಎಳೆದರೆ ಪೆಟ್ಟಿಗೆ ಆಗುತ್ತದೆ. ಅಷ್ಟು ಸುಲಭ. 2006ರಲ್ಲಿ ಗೂಗಲ್ ಕೊಂಡು ಬಿಟ್ಟಿ ಆವೃತ್ತಿ ಹಂಚಿತು, 2012ರಲ್ಲಿ ಟ್ರಿಂಬಲ್‌ಗೆ ಮಾರಿತು. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಿಟ್ಟಿ ಆವೃತ್ತಿ 2017ಕ್ಕೆ ನಿಂತು, ಬಿಟ್ಟಿ ಬೇಕಾದವರಿಗೆ ಬ್ರೌಸರಿನಲ್ಲಿ ಓಡುವುದು ಉಳಿಯಿತು. ಆದರೂ ಒಂದು ದೊಡ್ಡ ಉಪಕಾರ ಮಾಡಿತು. ನಕ್ಷೆ ಓದಲು ಬಾರದ ಮನೆ ಯಜಮಾನತಿ ಪರದೆ ನೋಡಿ ‘ಅಡಿಗಿಮನಿ ಕಿಡಕಿ ಇಲ್ಲಿ ಬ್ಯಾಡ, ಹೊಗಿ ಪಡಸಾಲಿಗೆ ಬರತೈತಿ’ ಅಂತ ಕಟ್ಟುವ ಮೊದಲೇ ಹೇಳುವಂತಾಯಿತು.

ಮೂರು ಊರು, ಮೂರು ಪರೀಕ್ಷೆ

ಸರಿ, ಹೋಲಿಕೆ ಮಾಡೋಣ. ಜಾಹೀರಾತಿನ ಪಟ್ಟಿ ಬಿಟ್ಟು ನಮ್ಮ ಮೂರು ಊರಿನ ಕಟ್ಟಡ ಇಟ್ಟುಕೊಂಡು ನೋಡೋಣ.

ಮೂಡಲಗಿ: ಮೂವತ್ತು-ನಲವತ್ತರ ಸೈಟು, ಕೆಳಗೆ ಎರಡು ಅಂಗಡಿ, ಮೇಲೆ ಮನೆ. ಗೋಕಾಕದಿಂದ ಬೇರೆಯಾಗಿ ತಾಲ್ಲೂಕು ಆದ ಮೇಲೆ ಇಂಥ ಕಟ್ಟಡ ಬಹಳ ಎದ್ದಿವೆ. ಇದಕ್ಕೆ ಎರಡು ಆಯಾಮದ ಆಟೋಕ್ಯಾಡ್ ಧಾರಾಳ ಸಾಕು. ಅದರಂತೆಯೇ ಕೆಲಸ ಮಾಡುವ, ಬೆಲೆ ಕಡಿಮೆ ಇರುವ ಬ್ರಿಕ್ಸ್‌ಕ್ಯಾಡ್, ಜಡ್‌ಡಬ್ಲ್ಯೂಕ್ಯಾಡ್ ಇವೆ. ಬಿಟ್ಟಿಯಾಗಿ ಸಿಗುವ ಲಿಬ್ರೆಕ್ಯಾಡ್‌ನಲ್ಲೂ ಆಗುತ್ತದೆ. ಇಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ಎರೆಮಣ್ಣಿನ ಬಗ್ಗೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವ ಮಣ್ಣು. ಅಡಿಪಾಯ, ಕಾಲಮ್ಮಿನ ಲೆಕ್ಕಕ್ಕೆ ಸ್ಟಾಡ್ ಪ್ರೊ, ಈಟ್ಯಾಬ್ಸ್ ಅಂಥ ಬೇರೆಯೇ ತಂತ್ರಾಂಶ ಬೇಕು. ಅಂದ ಹಾಗೆ ಈ ಎರಡರ ಹಿಂದೆಯೂ ನಮ್ಮ ಉಪಖಂಡದ ಬೇರಿನವರಿದ್ದಾರೆ. ಸ್ಟಾಡ್ ಬೆಳೆಸಿದವರು ಅಮೃತ್ ದಾಸ್, ಈಟ್ಯಾಬ್ಸ್ ಕಂಪನಿ ಕಟ್ಟಿದವರು ಅಶ್ರಫ್ ಹಬೀಬುಲ್ಲಾ.

ಗೋಕಾಕ: ಗುಡ್ಡದ ಇಳಿಜಾರು ಒಂದು ಕಡೆ, ಹೊಳೆ ಇನ್ನೊಂದು ಕಡೆ. ಇಲ್ಲಿ ನೆಲದ ಮಟ್ಟವೇ ಮುಖ್ಯ. ರೆವಿಟ್‌ನಲ್ಲಿ ಬಹಳ ವರ್ಷ ನೆಲ ಅಂದರೆ ದಪ್ಪ ಇಲ್ಲದ ಒಂದು ಹಾಳೆ. ದಪ್ಪ ಇರುವ, ಅಗೆಯಬಹುದಾದ ನೆಲ (ಟೋಪೋಸಾಲಿಡ್) ಬಂದದ್ದು 2023ರಲ್ಲಿ, ರೆವಿಟ್ 2024 ಆವೃತ್ತಿಯಲ್ಲಿ. ಅದೇ ಆವೃತ್ತಿಯಲ್ಲಿ ಕಪ್ಪು ಹಿನ್ನೆಲೆಯ ಪರದೆಯೂ ಬಂತು, ಜನ ಅದಕ್ಕೇ ಹೆಚ್ಚು ಚಪ್ಪಾಳೆ ಹೊಡೆದರು ಅನ್ನಿ :-)

ಹುಕ್ಕೇರಿ: ಆದಿಲ್‌ಶಾಹಿ ಕಾಲದ ಗುಮ್ಮಟಗಳು. ಕಾಗದದಲ್ಲಾಗಲಿ ಎರಡು ಆಯಾಮದ ತಂತ್ರಾಂಶದಲ್ಲಾಗಲಿ ಗುಮ್ಮಟ ಬರೆಯುವುದು ತಲೆನೋವು. ಪ್ಲಾನಿನಲ್ಲಿ ವೃತ್ತ, ಮುಂದಿನಿಂದ ಕಮಾನು, ಚೌಕದ ಗೋಡೆಯಿಂದ ದುಂಡಗಿನ ಮೇಲ್ಭಾಗಕ್ಕೆ ತಿರುಗುವ ಮೂಲೆಗಳು ಬೇರೆ. ಗೋಡೆ-ಸ್ಲ್ಯಾಬ್-ಬಾಗಿಲು ಅಂತ ಯೋಚಿಸುವ ಬಿಮ್ ತಂತ್ರಾಂಶಗಳಿಗೂ ಗುಮ್ಮಟ ಸಲೀಸಲ್ಲ. ಆರ್ಕಿಕ್ಯಾಡ್‌ಗೆ ಇಂಥ ಬಾಗಿದ ಮೇಲ್ಮೈಗೆಂದೇ ‘ಶೆಲ್’ ಉಪಕರಣ ಬಂದದ್ದು 2011ರಲ್ಲಿ, 15ನೇ ಆವೃತ್ತಿಯಲ್ಲಿ. ಹಗ್ಗ, ಗೂಟ, ಕಣ್ಣಳತೆ ಹಿಡಿದು ಶತಮಾನಗಳ ಹಿಂದೆ ಕಟ್ಟಿದ್ದನ್ನು ತಂತ್ರಾಂಶ ಈಗೀಗ ಹಿಡಿಯಲು ಕಲಿಯುತ್ತಿದೆ.

ಅಂದರೆ ‘ಎಲ್ಲಕ್ಕಿಂತ ಒಳ್ಳೆಯದು’ ಅಂತ ಒಂದಿಲ್ಲ, ಕಟ್ಟಡ ನೋಡಿ ಉಪಕರಣ. ಹಾಗಿದ್ದ ಮೇಲೆ ಒಂದೇ ಕಟ್ಟಡದ ನಕ್ಷೆ ಮೂರು ನಾಲ್ಕು ತಂತ್ರಾಂಶಗಳ ನಡುವೆ ಓಡಾಡಲೇಬೇಕು. ನಕ್ಷೆ ಬರೆದವನು ಒಂದರಲ್ಲಿ, ಕಬ್ಬಿಣದ ಲೆಕ್ಕ ಮಾಡುವವನು ಇನ್ನೊಂದರಲ್ಲಿ, ಪುರಸಭೆ ಮತ್ತೊಂದರಲ್ಲಿ. ಫೈಲಿನ ಜಗಳ ಶುರುವಾಗುವುದೇ ಇಲ್ಲಿ.

ಡಿಡಬ್ಲ್ಯೂಜಿ ಯುದ್ಧ

ಡಿಡಬ್ಲ್ಯೂಜಿ ಆಟೋಡೆಸ್ಕಿನ ಸ್ವಂತ ವಿಧಾನ, ಒಳಗಿನ ರಚನೆ ಅವರು ಪ್ರಕಟಿಸಲಿಲ್ಲ. ಅದೂ ಕೆಲವು ವರ್ಷಕ್ಕೊಮ್ಮೆ ಬದಲು: 2000, 2004, 2007, 2010, 2013, 2018. ಹೊಸದರಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ. ಪಕ್ಕದವನು ಹೊಸದು ಕೊಂಡರೆ ನೀವೂ ಕೊಳ್ಳಬೇಕು. ಸೌಲಭ್ಯ ಬೇಕೆಂದು ಕೊಂಡವರೆಷ್ಟು, ಫೈಲು ತೆರೆಯಲೇಬೇಕೆಂದು ಕೊಂಡವರೆಷ್ಟು?

1990ರ ದಶಕದ ಕೊನೆಗೆ ಇಂಟೆಲಿಕ್ಯಾಡ್ ಅನ್ನುವ ಸ್ಪರ್ಧಿ ತಯಾರಾಗುತ್ತಿತ್ತು. ಅದನ್ನು ಇಟ್ಟುಕೊಂಡಿದ್ದ ಸಾಫ್ಟ್‌ಡೆಸ್ಕ್ ಕಂಪನಿಯನ್ನೇ ಆಟೋಡೆಸ್ಕ್ ಕೊಳ್ಳಲು ಹೊರಟಿತು. 1997ರಲ್ಲಿ ಅಮೆರಿಕದ ಸರ್ಕಾರಿ ವ್ಯಾಪಾರ ಆಯೋಗ ನಡುವೆ ಬಂದು, ಇಂಟೆಲಿಕ್ಯಾಡ್ ಆಟೋಡೆಸ್ಕಿನ ಕೈಗೆ ಸಿಗದಂತೆ ನೋಡಿಕೊಂಡಿತು. ಅದು ವಿಸಿಯೋ ಕಂಪನಿಗೆ ಹೋಯಿತು. 1998ರಲ್ಲಿ ಸ್ಪರ್ಧಿಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿದರು, ಮುಂದೆ ಅದರ ಹೆಸರು ಓಪನ್ ಡಿಸೈನ್ ಅಲೈಯನ್ಸ್ ಆಯಿತು. ಡಿಡಬ್ಲ್ಯೂಜಿ ಫೈಲುಗಳನ್ನು ಬಿಚ್ಚಿ, ಬಿಟ್ ಬಿಟ್ ನೋಡಿ, ಒಳಗೇನಿದೆ ಅಂತ ಕಂಡುಹಿಡಿಯುವುದು ಅವರ ಕೆಲಸ. ಬ್ರಿಕ್ಸ್‌ಕ್ಯಾಡ್‌ನಂಥವು ಇವತ್ತು ಡಿಡಬ್ಲ್ಯೂಜಿ ತೆರೆಯುವುದು ಆ ಶ್ರಮದ ಫಲ.

2006ರಲ್ಲಿ ಆಟೋಡೆಸ್ಕ್ ಈ ಒಕ್ಕೂಟದ ಮೇಲೆ ದಾವೆ ಹೂಡಿತು, 2007ರಲ್ಲಿ ರಾಜಿಯಾಯಿತು. ‘ಡಿಡಬ್ಲ್ಯೂಜಿ’ ಅನ್ನುವ ಮೂರು ಅಕ್ಷರಕ್ಕೇ ಟ್ರೇಡ್‌ಮಾರ್ಕ್ ಕೇಳಿದರು, ಅಮೆರಿಕದ ಕಚೇರಿ ಕೊಡಲಿಲ್ಲ. ಕತೆಯ ತಿರುವು ನೋಡಿ: 2020ರಲ್ಲಿ ಅದೇ ಆಟೋಡೆಸ್ಕ್ ಅದೇ ಒಕ್ಕೂಟದ ಸದಸ್ಯತ್ವ ಪಡೆಯಿತು! ಬಿಮ್ ಮಾದರಿಗಳ ಮುಕ್ತ ವಿಧಾನವಾದ ಐಎಫ್‌ಸಿಯನ್ನು ಚೆನ್ನಾಗಿ ಓದಿ ಬರೆಯಲು ಅವರಿಗೆ ಒಕ್ಕೂಟದ ಉಪಕರಣ ಬೇಕಿತ್ತು.

ಐಎಫ್‌ಸಿ ಅಂದರೆ ಗೋಡೆ, ಬಾಗಿಲು, ಬೀಮ್ ಎಂಬ ಅರ್ಥಸಹಿತ ಮಾಹಿತಿಯನ್ನು ಯಾವ ತಂತ್ರಾಂಶ ಬೇಕಾದರೂ ಓದುವಂತೆ ಬರೆಯುವ ಕ್ರಮ. 1990ರ ದಶಕದಲ್ಲಿ ಶುರುವಾಗಿ 2013ರಲ್ಲಿ ಅಂತರರಾಷ್ಟ್ರೀಯ ಐಎಸ್‌ಓ ಮಾನಕವಾಯಿತು.

ನಕ್ಷೆಯೊಳಗಿನ ಕನ್ನಡ

ಈಗ ನಮ್ಮ ಮಾತಿಗೆ ಬರೋಣ. ನಕ್ಷೆಯಲ್ಲಿ ಬೆಡ್‌ರೂಮ್, ಕಿಚನ್ ಎಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಬರುವುದು ಮೂಲೆಯ ಚೌಕದಲ್ಲಿ: ಮಾಲೀಕರ ಹೆಸರು, ಗ್ರಾಮ, ಸಿಟಿಎಸ್ ನಂಬರು, ಉತಾರದಲ್ಲಿ ಇದ್ದಂತೆ. ಅಂದರೆ ಆಸ್ತಿ ಯಾರದು ಅಂತ ಹೇಳುವ ಭಾಗವೇ ಕನ್ನಡ.

ಹಳೆಯ ಡಿಡಬ್ಲ್ಯೂಜಿಯಲ್ಲಿ ಅಕ್ಷರಗಳನ್ನು ಆಯಾ ಕಂಪ್ಯೂಟರಿನ ‘ಕೋಡ್ ಪೇಜ್’ ಪ್ರಕಾರ ಇಡುತ್ತಿದ್ದರು. ಚೀನಿ, ಜಪಾನಿ, ಕೊರಿಯನ್ ಭಾಷೆಗಳಿಗೆ ಅದರಲ್ಲಿ ಜಾಗ ಇತ್ತು, ಕನ್ನಡಕ್ಕೆ ಇರಲಿಲ್ಲ. ಹಾಗಾಗಿ ನಮ್ಮವರು ಮಾಡಿದ್ದು ನಿಮಗೆಲ್ಲ ಗೊತ್ತಿರುವ ಉಪಾಯ: ನುಡಿ ಅಥವಾ ಬರಹದ ಹಳೆಯ ಫಾಂಟು. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಕಣ್ಣಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ದೇವರೇ ಗತಿ. 2006ರಲ್ಲಿ ಬಂದ ಆಟೋಕ್ಯಾಡ್ 2007ರ ಫೈಲ್ ವಿಧಾನ ಯುನಿಕೋಡಿಗೆ ಬದಲಾಯಿತು. ಅಲ್ಲಿ ‘ಕ’ ಅಂದರೆ 3221 ಅನ್ನುವ ಸಂಖ್ಯೆ, ಗೋಕಾಕದಲ್ಲೂ ಅದೇ, ಬುಡಾಪೆಸ್ಟಿನಲ್ಲೂ ಅದೇ. ಈ ಬದಲಾವಣೆ ಯಾವ ಜಾಹೀರಾತಿನ ಮೊದಲ ಸಾಲಿನಲ್ಲೂ ಇರಲಿಲ್ಲ. ನನ್ನ ಮಟ್ಟಿಗೆ ಆ ವರ್ಷದ ಅತಿ ಮುಖ್ಯ ಸೌಲಭ್ಯ ಅದೇ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಲೋಳಸೂರ ಸೇತುವೆ ಮುಳುಗಿತು, ನೂರಾರು ಮನೆ ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ಹಾನಿ ಎಷ್ಟು ಅಂತ ಎ, ಬಿ, ಸಿ ವರ್ಗ ಮಾಡಿದರು. ನಮ್ಮ ಸಂಬಂಧಿಕರೊಬ್ಬರ ಮನೆಯ ಮುಂದಿನ ಮಣ್ಣಿನ ಗೋಡೆಯ ಭಾಗ ಕುಸಿದಿತ್ತು, ಹಿಂದೆ ಸೇರಿಸಿದ್ದ ಆರ್‌ಸಿಸಿ ಭಾಗ ನಿಂತಿತ್ತು. ನಿಂತಿದ್ದಕ್ಕೆ ಜೋಡಿಸಿ ಕಟ್ಟಬೇಕಾದರೆ ಅದರ ಅಡಿಪಾಯ ಎಷ್ಟು ಅಗಲ, ಕಾಲಮ್ಮಿನಲ್ಲಿ ಎಷ್ಟು ಸಳಿ ಅಂತ ತಿಳಿಯಬೇಕು. ಕಾಗದದ ನಕ್ಷೆ ನೀರುಪಾಲು. ನಕ್ಷೆ ಮಾಡಿಕೊಟ್ಟವರು ಊರು ಬಿಟ್ಟು ಹೋಗಿದ್ದರು. ಕೊನೆಗೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಸಿಡಿ ಸಿಕ್ಕಿತು. ನನ್ನ ಲ್ಯಾಪ್‌ಟಾಪಿನಲ್ಲಿ ಬಿಟ್ಟಿ ತಂತ್ರಾಂಶ ಹಾಕಿ ತೆರೆದೆವು. ಗೆರೆ, ಅಳತೆ, ಕಾಲಮ್ ಜಾಗ ಎಲ್ಲ ಸರಿಯಾಗಿ ಬಂದವು. ಮಾಲೀಕರ ಹೆಸರು ಮಾತ್ರ ಪ್ರಶ್ನೆಚಿಹ್ನೆ, ಡಿಗ್ರಿ ಚಿಹ್ನೆ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಆ ಅಜ್ಜ ಪರದೆ ನೋಡಿ ‘ಮನಿ ನಂದ ಐತಿ, ಹೆಸರ ಯಾರದೋ ಐತಲ್ಲೋ ತಮ್ಮಾ’ ಅಂದರು. ನಕ್ಕೆವು. ಆದರೆ ಮಾತು ನಗುವಂಥದ್ದಲ್ಲ.

ಆ ಫೈಲು ತೆರೆದುಕೊಂಡದ್ದು ಯಾಕೆ ಗೊತ್ತೇ? ಅದು ಡಿಎಕ್ಸ್‌ಎಫ್ ರೂಪದಲ್ಲಿತ್ತು.

ಗೆದ್ದದ್ದು ಯಾವುದು?

ಡಿಎಕ್ಸ್‌ಎಫ್ ಹುಟ್ಟಿದ್ದು 1982ರಲ್ಲೇ, ಆಟೋಕ್ಯಾಡಿನ ಮೊದಲ ಆವೃತ್ತಿಯ ಜೊತೆಗೆ. ಬೇರೆ ತಂತ್ರಾಂಶಗಳ ಜೊತೆ ನಕ್ಷೆ ಹಂಚಿಕೊಳ್ಳಲಿ ಅಂತ ಆಟೋಡೆಸ್ಕೇ ಇದರ ವಿವರ ಪ್ರಕಟಿಸಿತು. ಸಾಮಾನ್ಯವಾಗಿ ಇದು ಬರೀ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಒಂದು ಸಾಲಿನಲ್ಲಿ ಸಂಕೇತ ಸಂಖ್ಯೆ, ಮುಂದಿನ ಸಾಲಿನಲ್ಲಿ ಮೌಲ್ಯ. 8 ಬಂದರೆ ಮುಂದಿನದು ಪದರದ (ಲೇಯರ್) ಹೆಸರು. ಗೆರೆಯಾದರೆ 10, 20 ಅದರ ಆರಂಭದ ಬಿಂದು, 11, 21 ಕೊನೆಯ ಬಿಂದು. ಇಷ್ಟು ತಿಳಿದ ಯಾವ ಪ್ರೋಗ್ರಾಮರ್ ಬೇಕಾದರೂ ಒಂದು ಸಂಜೆಯಲ್ಲಿ ನಕ್ಷೆಯ ಗೆರೆಗಳನ್ನು ಓದುವ ಕೋಡ್ ಬರೆಯಬಹುದು. ನಾನು ಬರೆದೆ, ಏಳೆಂಟು ಡಜನ್ ಸಾಲು ಆಯಿತು.

ಈ ಸರಳತೆ ಎಲ್ಲಿಗೆ ಬಂದು ಮುಟ್ಟಿತು ನೋಡಿ. ಕಟ್ಟಡ ಪರವಾನಗಿಗೆ ನಕ್ಷೆಯನ್ನು ಕಂಪ್ಯೂಟರೇ ಪರೀಕ್ಷಿಸುವ ವ್ಯವಸ್ಥೆಗಳು ನಮ್ಮ ದೇಶದಲ್ಲಿ ಬಂದಿವೆ. ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ಎತ್ತರ ಎಷ್ಟು, ಕಿಟಕಿಗೆ ಬೆಳಕು ಸಾಕೇ ಎಂದೆಲ್ಲ. ಪುಣೆಯ ಸಾಫ್ಟೆಕ್‌ನವರ ಆಟೋಡಿಸಿಆರ್ ಅಂಥದ್ದೊಂದು. ನಮ್ಮ ಬೆಂಗಳೂರಿನಲ್ಲಿ 2003ರಲ್ಲಿ ಹುಟ್ಟಿದ ಇ-ಗವರ್ನಮೆಂಟ್ಸ್ ಫೌಂಡೇಶನ್ ಮಾಡಿದ ಮುಕ್ತ ತಂತ್ರಾಂಶವೂ ಇದೆ. ಅದು ಓದುವುದು ಡಿಎಕ್ಸ್‌ಎಫ್. ಯಾವ ಗೆರೆ ಸೈಟಿನ ಗಡಿ, ಯಾವುದು ಗೋಡೆ ಅಂತ ಪದರದ ಹೆಸರಿನಿಂದ ತಿಳಿಯುತ್ತದೆ. ನಕ್ಷೆಯನ್ನು ಲಕ್ಷ ರೂಪಾಯಿಯ ತಂತ್ರಾಂಶದಲ್ಲಿ ಬರೆದಿರಿ, ಬಿಟ್ಟಿಯದರಲ್ಲಿ ಬರೆದಿರಿ, ಅದಕ್ಕೆ ಒಂದೇ. 1982ರ ಒಂದು ಪಠ್ಯ ವಿಧಾನ ನಲವತ್ತು ವರ್ಷದ ಎಲ್ಲ ‘ಹೊಸ ಸೌಲಭ್ಯ’ಗಳನ್ನೂ ದಾಟಿ ಬದುಕಿದೆ.

ಅತ್ತ ಕಂಪನಿಗಳು ಬೇರೆ ದಾರಿ ಹಿಡಿದವು. 2016ರಲ್ಲಿ ಆಟೋಡೆಸ್ಕ್ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಪದ್ಧತಿ ನಿಲ್ಲಿಸಿ ಬಾಡಿಗೆಗೆ ಇಳಿಯಿತು. 2020ರ ಜುಲೈನಲ್ಲಿ ಜಹಾ ಹದೀದ್ ಆರ್ಕಿಟೆಕ್ಟ್ಸ್ ಸೇರಿದಂತೆ ಹಲವು ದೊಡ್ಡ ವಾಸ್ತುಶಿಲ್ಪ ಸಂಸ್ಥೆಗಳು ಆಟೋಡೆಸ್ಕಿಗೆ ಬಹಿರಂಗ ಪತ್ರ ಬರೆದವು: ರೆವಿಟ್ ಬೆಲೆ ಏರುತ್ತಿದೆ, ಬೆಳವಣಿಗೆ ಮಾತ್ರ ಇಲ್ಲ ಅಂತ. 1993ರಲ್ಲಿ ಬಂದ ಅಗ್ಗದ ‘ಆಟೋಕ್ಯಾಡ್ ಎಲ್‌ಟಿ’ಗೆ ಆಟೋಲಿಸ್ಪ್ ಸಿಕ್ಕಿದ್ದು 2023ರಲ್ಲಿ. ಮೂವತ್ತು ವರ್ಷ ಅದು ಇರಲಿಲ್ಲ ಅಂತಲ್ಲ, ಪಕ್ಕದ ದುಬಾರಿ ಡಬ್ಬಿಯಲ್ಲಿ ಇತ್ತು! ಈಗ ಎಲ್ಲರದೂ ಕೃತಕ ಬುದ್ಧಿಮತ್ತೆಯ ಜಪ. ನಾಲ್ಕು ಮಾತು ಟೈಪ್ ಮಾಡಿದರೆ ಮನೆಯ ಚಂದದ ಚಿತ್ರ ಬರುತ್ತದೆ, 2023ರಿಂದ ಸ್ಕೆಚ್‌ಅಪ್, ಆರ್ಕಿಕ್ಯಾಡ್ ಎರಡರಲ್ಲೂ. ಚಿತ್ರ ಚಂದ, ಸರಿ. ಆದರೆ ಎರೆಮಣ್ಣು ಉಬ್ಬುವುದನ್ನು ಚಿತ್ರ ತಡೆಯುವುದಿಲ್ಲ.

ಇನ್ನೊಂದು ಕಡೆ 2002ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಫ್ರೀಕ್ಯಾಡ್ 2024ರ ನವೆಂಬರಿನಲ್ಲಿ 1.0 ಆವೃತ್ತಿ ಮುಟ್ಟಿತು. 1.0ಕ್ಕೆ ಇಪ್ಪತ್ತೆರಡು ವರ್ಷ! ಆದರೆ ಅದರಲ್ಲಿ ಬಿಮ್ ಭಾಗವೂ ಸೇರಿದೆ. ಬ್ಲೆಂಡರ್ ಮೇಲೆ ಕೂರುವ ‘ಬೊನ್ಸಾಯ್’ ಐಎಫ್‌ಸಿಯನ್ನೇ ತನ್ನ ಮೂಲ ಫೈಲಾಗಿ ಬಳಸುತ್ತದೆ. ಗೆಳೆಯರಲ್ಲಿ ಕೆಲವರು ಇವನ್ನು ಹಾಕಿಕೊಂಡು ಬೈಯುತ್ತಾ ಬೈಯುತ್ತಾ ಕಲಿಯುತ್ತಿದ್ದಾರೆ.

ಹಾಗಾದರೆ ಯಾವುದು ಒಳ್ಳೆಯದು? ನನ್ನ ಉತ್ತರ: ನಿಮಗೆ ಕೈಹಿಡಿದದ್ದರಲ್ಲಿ ಬರೆಯಿರಿ. ಆದರೆ ಮನೆ ಮಾಲೀಕರಿಗೆ ನಕ್ಷೆ ಕೊಡುವಾಗ ಮೂರು ಫೈಲು ಕೊಡಿ: ಮೂಲ ಫೈಲು, ಒಂದು ಡಿಎಕ್ಸ್‌ಎಫ್ (ಬಿಮ್ ಆದರೆ ಐಎಫ್‌ಸಿ), ಒಂದು ಪಿಡಿಎಫ್. ಹೆಸರು, ಊರು, ಸಿಟಿಎಸ್ ನಂಬರು ಯುನಿಕೋಡ್ ಕನ್ನಡದಲ್ಲಿ ಇರಲಿ. ಮನೆ ಕಟ್ಟಿಸುವವರು ನೀವಾದರೆ ಈ ಮೂರನ್ನೂ ಕೇಳಿ ತೆಗೆದುಕೊಳ್ಳಿ, ದುಡ್ಡು ಕೊಟ್ಟಿದ್ದೀರಿ, ಸಂಕೋಚ ಬೇಡ. ಒಂದು ಪ್ರತಿ ಹೊಳೆ ದಂಡೆಯಿಂದ ದೂರ ಇರುವ ಯಾರ ಮನೆಯಲ್ಲಾದರೂ ಇಡಿ.

ಹಳೆಯ ಫಾಂಟಿನಲ್ಲಿ ಬರೆದ ಎಷ್ಟೋ ಕನ್ನಡ ಬರಹಗಳನ್ನು ಇವತ್ತು ಓದಲಾಗದೆ ಕಳೆದುಕೊಂಡಿದ್ದೇವೆ. ಬ್ಲಾಗಿಗರು ಯುನಿಕೋಡ್ ಹಿಡಿದದ್ದು ಆ ಪಾಠ ಕಲಿತೇ. ಕತೆ ಕವನಕ್ಕೆ ಕಲಿತ ಪಾಠವನ್ನು ಮನೆಯ ನಕ್ಷೆಗೂ ಹಾಕಿದರೆ ಮುಂದಿನ ನೆರೆಗೆ, ಮುಂದಿನ ಪೀಳಿಗೆಗೆ ಉಪಯೋಗಕ್ಕೆ ಬಂದೀತು.

ನಿಮ್ಮಲ್ಲಿ ಸಿವಿಲ್‌ನವರು, ಆರ್ಕಿಟೆಕ್ಟರು ಇದ್ದರೆ ನಿಮ್ಮ ಅನುಭವ ತಿಳಿಸಿ. ಹಳೆಯ ನುಡಿ ಫಾಂಟಿನ ಡಿಎಕ್ಸ್‌ಎಫ್ ಫೈಲಿನ ಅಕ್ಷರಗಳನ್ನು ಯುನಿಕೋಡಿಗೆ ಬದಲಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಒತ್ತಕ್ಷರದ ಕಡೆ ಕೈಕೊಡುತ್ತಿದೆ. ಜೊತೆ ಸೇರುವವರಿದ್ದರೆ ಬನ್ನಿ, ಕರದಂಟು ನನ್ನ ಕಡೆಯಿಂದ :-)